ನಾನು ಕೂತಿದ್ದ ಜಾಗ

ನಾನು ಒಂದು ಹಾರ್ಡ್ ಡಿಸ್ಕ್. ಹುಟ್ಟಿದ್ದು ಧೂಳಿಗೆ ಪ್ರವೇಶವಿಲ್ಲದ ಕೋಣೆಯಲ್ಲಿ. ಬಂದು ಸೇರಿದ್ದು ಗದಗಿನ ಒಂದು ಪುಟ್ಟ ಬಾನುಲಿ ಕೇಂದ್ರಕ್ಕೆ, ಅಲ್ಲಿ ಧೂಳೇ ಮನೆಯ ಹಿರಿಯ. ಕೇಂದ್ರದ ಕಂಪ್ಯೂಟರಿನಲ್ಲಿ ‘ಧ್ವನಿ’ ಎಂಬ ಫೋಲ್ಡರ್ ಇತ್ತು. ಅದರ ಮೇಲೆ ನನ್ನನ್ನು ಕೂರಿಸಿದರು. ಅಲ್ಲಿಗೆ ಬಂದ ದನಿಯೆಲ್ಲ ನನ್ನೊಳಗೆ ಇಳಿಯಬೇಕು, ಇಷ್ಟೇ ನನ್ನ ಉದ್ಯೋಗ.

ಆ ವರ್ಷ ಆಯುಧ ಪೂಜೆಗೆ, ಕೇಂದ್ರ ನಡೆಸುವ ನೀಲಗಂಗಕ್ಕ ನನ್ನನ್ನು ಕಂಪ್ಯೂಟರಿನಿಂದ ಬಿಚ್ಚಿಸಿ, ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ ಚೆಂಡುಹೂ ಮುಡಿಸಿದರು. ಪೂಜೆಗೆ ಕೂತವನನ್ನು ಮರುದಿನದವರೆಗೆ ಕೆಲಸಕ್ಕೆ ಎಬ್ಬಿಸುವಂತಿಲ್ಲ. ಅಂದೇ ಬೀಸುವ ಪದ ಹಾಡುವ ಸಾವಂತ್ರವ್ವ ಬಂದಳು. ಪಕ್ಕದ ಕೋಣೆಯಲ್ಲಿ ಧ್ವನಿಮುದ್ರಣದ ಹುಡುಗ ಖಾಸೀಮ ಸಂಜೆಯವರೆಗೆ ಅವಳನ್ನು ಹಾಡಿಸಿ, ಎಂದಿನಂತೆ ಎಲ್ಲವನ್ನೂ ‘ಧ್ವನಿ’ಗೆ ಹಾಕಿದ. ನಾನು ಅಲ್ಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮರುದಿನ ನಾನು ಮರಳಿ ಕೂತೆ. ಹಾಡು ಇರಲಿಲ್ಲ.

ಅತ್ತ ಕಂಪ್ಯೂಟರು, ತನ್ನದೇ ಪುಟ್ಟ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಗೋಳಿಡತೊಡಗಿತು. ಖಾಸೀಮ ಒಂದೊಂದೇ ಫೋಲ್ಡರ್ ತೆರೆದು ಕೂಡಿಸಿದ. ಕಂಡದ್ದು ತುಂಬಿದ ಜಾಗದ ಅರ್ಧದಷ್ಟೂ ಇಲ್ಲ.

“ಉಂಡದ್ದು ಕಾಣವಲ್ದು, ಹೊಟ್ಟಿ ಮಾತ್ರ ಉಬ್ಬೇತ್ರಿ ಅಕ್ಕಾರ.”

“ಅದು ಉಬ್ಬಲಿ ಬಿಡೋ. ಇದು ಆ ಮುದುಕಿ ಹಾಡು ನುಂಗೇತಲ್ಲ!” ಅಕ್ಕ ನನ್ನ ನೆತ್ತಿಗೆ ಕುಟ್ಟಿದರು.

ಎರಡೂ ಬೇರೆ ಬೇರೆ ದೂರುಗಳೆಂದೇ ನಾನೂ ನಂಬಿದ್ದೆ. ನನ್ನೊಳಗೆ ನಾನೇ ತಡಕಾಡಿದೆ. ನುಂಗಿದ್ದು ನೆನಪಿಲ್ಲ, ನುಂಗಿಲ್ಲ ಎನ್ನಲು ಧೈರ್ಯವೂ ಇಲ್ಲ. ಆ ಚಳಿಗಾಲ ಗಂಟಲಿನ ಆಪರೇಷನ್ ಆಗಿ ಸಾವಂತ್ರವ್ವನ ದನಿಯೇ ಹೋಯಿತು. ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಪಿಸುಗುಡುತ್ತಿದ್ದಳು: “ನನ್ನ ಹಾಡು ಸಿಕ್ತೇನ್, ಯವ್ವಾ?”

ಮತ್ತೆ ಆಯುಧ ಪೂಜೆ ಬಂತು.

“ಈ ಸಲ ಬಿಚ್ಚೂದು ಬ್ಯಾಡ್ರಿ ಅಕ್ಕಾರ,” ಎಂದ ಖಾಸೀಮ.

“ಕುಂಕುಮ ತಪ್ಪಿಸಿದ್ರ ಇದ್ದದ್ದನ್ನೂ ನುಂಗತೈತಿ. ಬಿಚ್ಚು.”

ಬಿಚ್ಚಿದ. ಬರಿದಾಗಿರಬೇಕಿದ್ದ ‘ಧ್ವನಿ’ಯನ್ನು ಸುಮ್ಮನೆ ತೆರೆದು ನೋಡಿದ. ಹಿಂದಿನ ವರ್ಷದ ಹಬ್ಬ ಅಲ್ಲಿ ಇಡಿಯಾಗಿ ಮಲಗಿತ್ತು. ನಾನಿಲ್ಲದಾಗ ಬಂದ ಹಾಡನ್ನು ಕಂಪ್ಯೂಟರು ತನ್ನ ಪುಟ್ಟ ಹೊಟ್ಟೆಗೇ ಹಾಕಿಕೊಂಡಿತ್ತು. ಮರುದಿನ ನಾನು ಬಂದು ಅದರ ಮೇಲೆ ಮುಚ್ಚಳದಂತೆ ಕೂತಿದ್ದೆ; ಅಂದಿನಿಂದ ‘ಧ್ವನಿ’ ತೆರೆದವರಿಗೆ ಕಂಡದ್ದು ನನ್ನೊಳಗಿನದು ಮಾತ್ರ.

ಸಾವಂತ್ರವ್ವನನ್ನು ಕರೆತಂದು ಕೇಳಿಸಿದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. “ಯಾರವ್ವಾ ಇಕಿ? ಛಲೋ ಹಾಡ್ತಾಳ,” ಎಂದು ಪಿಸುಗುಟ್ಟಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಈಗ ವಯಸ್ಸಾಗಿ ಕಪಾಟು ಸೇರಿದ್ದೇನೆ; ನನ್ನ ಜಾಗದಲ್ಲಿ ಹೊಸಬನಿದ್ದಾನೆ. ಆದರೂ ಹಬ್ಬಕ್ಕೆ ನನ್ನನ್ನು ಇಳಿಸಿ ಕುಂಕುಮ ಹಚ್ಚುವುದನ್ನು ಅಕ್ಕ ಬಿಟ್ಟಿಲ್ಲ. ಅಷ್ಟು ವರ್ಷ ದನಿಗಳನ್ನು ಕಾದದ್ದಕ್ಕೋ, ಒಂದು ದಿನ ಎದ್ದು ದಾರಿ ಬಿಟ್ಟದ್ದಕ್ಕೋ, ನನಗಿನ್ನೂ ತಿಳಿದಿಲ್ಲ.