ಚಳಿಗೆಂದು ಹಾಕಿದ ಸಾಲು

ನನ್ನ ಟ್ಯಾಂಕರಿನ ಬ್ರೇಕಿನ ಮೇಲಾಣೆ, ಇದು ನಡೆದದ್ದೇ. ಆ ಜನವರಿ ಮಿನೆಸೋಟದ ನಮ್ಮೂರಲ್ಲಿ ಎಂಥ ಚಳಿಯೆಂದರೆ, ನಾಯಿ ಎದ್ದು ಹೋದರೂ ಅದರ ನೆರಳು ನೆಲಕ್ಕೇ ಅಂಟಿಕೊಂಡಿರುತ್ತಿತ್ತು.

ನಾನು ಮನೆ ಬೆಚ್ಚಗಿಡುವ ಗ್ಯಾಸ್ ತುಂಬುವವನು. ಪ್ರತಿ ಮನೆಯ ಮೀಟರು ಗ್ಯಾಸೆಷ್ಟಿದೆ, ಚಳಿಯೆಷ್ಟಿದೆ ಎಂದು ಕಂಪನಿಯ ವೆಬ್‌ಸೈಟಿಗೆ ಕಳಿಸುತ್ತದೆ. ಅದು ತೋರಿಸಿದ ಮನೆಗೆ ನಾನು ಹೋಗುತ್ತೇನೆ. ಆ ವೆಬ್‌ಸೈಟನ್ನು ಕಟ್ಟಿದವನು ಆರ್ವಿಡ್ ಟೊಲೆಫ್ಸನ್. ಲೈಬ್ರರಿ ಅಂತ ಬೇರೆಯವರು ಬರೆದಿಟ್ಟ ಕಂಪ್ಯೂಟರ್ ಕೋಡನ್ನೆಲ್ಲ ತಂದು ನಮ್ಮ ಕೋಡಿನ ಜೊತೆಗೇ ಒಂದು ಫೋಲ್ಡರಿನಲ್ಲಿ ತುಂಬಿಟ್ಟಿದ್ದ. ಅದೆಷ್ಟು ದಪ್ಪವೆಂದರೆ, ಯಾರಾದರೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರೆ ಊರಿನ ದೀಪಗಳೇ ಮಂಕಾಗುತ್ತಿದ್ದವು. ಆರ್ವಿಡ್ ಸತ್ತ. ಅವನ ಕುರ್ಚಿಗೆ ಕೊರಿನ್ ಮಾಕಿ ಬಂದಳು.

ಕೆರೆಯಾಚೆ ಅವಳ ಅಣ್ಣ ಡೆನ್ನಿಯ ಒಂಟಿ ಮನೆ. ಅವನು ಎಂದೂ ಫೋನ್ ಮಾಡಿ ನನ್ನನ್ನು ಕರೆದವನಲ್ಲ. ಗ್ಯಾಸ್ ಮುಗಿಯುವ ಮೊದಲೇ ನಾನು ಬಾಗಿಲಲ್ಲಿರುತ್ತಿದ್ದೆ.

ಅಕ್ಟೋಬರಿನಲ್ಲಿ ಕೊರಿನ್ ಆ ಫೋಲ್ಡರನ್ನು ಅಳಿಸಿದಳು.

"ಕಂಡೋರ ಕೋಡನ್ನ ನಾವ್ಯಾಕೆ ಸಾಕ್ಬೇಕು, ಗಸ್? ಹೆಸ್ರು, ವರ್ಶನ್ನು ಬರೆದಿಟ್ರೆ ಮಶೀನೇ ಹೊಸದಾಗಿ ತರ್ಸ್ಕೊಳ್ಳತ್ತೆ."

"ನಂಗೊಂದು ಟ್ರಕ್ಕೂ ಹಂಗೇ ತರ್ಸ್ಕೊಡು ತಾಯಿ" ಅಂದೆ.

ನಕ್ಕಳು. ಪರೀಕ್ಷೆ ಮಾಡಿ ನೋಡಿದಳು, ಎಲ್ಲ ಸರಿಯಿತ್ತು.

ಚಳಿ ಮೈನಸ್ ನಲವತ್ತರ ಕೆಳಗಿಳಿದ ವಾರ ನನ್ನ ಫೋನಿನಲ್ಲಿ ಮನೆಗಳು ಕಮ್ಮಿಯಾದವು. ಊರಿನವರು ಕೆಲವರು ಬೈದು ಕರೆಸಿಕೊಂಡರು. ಆಮೇಲೆ ಕೊರಿನ್ ಫೋನ್ ಮಾಡಿದಳು.

"ಡೆನ್ನಿ ಫೋನೆತ್ತುತಿಲ್ಲ. ನೀನ್ ಅಲ್ಲಿಗೆ ಹೋಗಿದ್ಯಲ್ಲ?"

"ಇಲ್ವಲ್ಲ. ಅವನ ಹೆಸ್ರೇ ಬಂದಿಲ್ಲ."

ಟ್ಯಾಂಕರನ್ನು ಕೆರೆಯಾಚೆಗೆ ಓಡಿಸಿದೆ.

ಡೆನ್ನಿ ಇದ್ದಬದ್ದ ಕೋಟುಗಳನ್ನೆಲ್ಲ ಹಾಕಿಕೊಂಡು ರಸ್ತೆಯ ಕಡೆ ಮುಖಮಾಡಿ ಕೂತಲ್ಲೇ ಜೀವ ಬಿಟ್ಟಿದ್ದ. ಮೇಜಿನ ಮೇಲೆ ಎರಡು ಲೋಟ ಕಾಫಿ, ಎರಡೂ ಕಲ್ಲಾಗಿದ್ದವು. ಒಂದು ನನ್ನದು.

ಕೋಡು ಕೂಡಿಡುವ ಇವರ ಉಗ್ರಾಣದಲ್ಲಿ ಅಳಿಸಿದ್ದೂ ಉಳಿದಿರುತ್ತದೆ. ಕೊರಿನ್ ಹಳೆಯ ಫೋಲ್ಡರನ್ನು ಹೊರತೆಗೆದು ನೋಡಿದಳು. ಅದರಲ್ಲಿ ಮೀಟರು ಓದುವ ಲೈಬ್ರರಿಗೆ ಮೈನಸ್ ನಲವತ್ತಕ್ಕಿಂತ ಹೆಚ್ಚು ಚಳಿಯಿದ್ದರೆ ಮೀಟರು ಕೆಟ್ಟಂತೆ ಲೆಕ್ಕ. ಆ ಮನೆಯನ್ನೇ ಬಿಟ್ಟುಬಿಡುತ್ತದೆ. ಬಿಡಬೇಡ ಎಂದು ಅದರೊಳಗೆ ಆರ್ವಿಡ್ ತನ್ನದೊಂದು ಸಾಲು ತುರುಕಿದ್ದ. ಹೊಸದಾಗಿ ತರಿಸಿದ್ದರಲ್ಲಿ ಆ ಸಾಲಿರಲಿಲ್ಲ.

"ಒಂದ್ ಮಾತ್ ಹೇಳಿ ಸಾಯ್ಬಾರ್ದಿತ್ತಾ ಅವ್ನು" ಅಂದಳು. ಮತ್ತೆ ಅವಳು ಆ ಕುರ್ಚಿಗೆ ಬರಲಿಲ್ಲ.

ನಿಮ್ಮದೂ ಕೋಡು ಬರೆಯುವ ಕೆಲಸವೇ ಅಂದಿರಲ್ಲ ಸ್ವಾಮಿ? ನಾಯಿಯ ನೆರಳು ಸುಳ್ಳು ಅನ್ನಿ, ಬೇಜಾರಿಲ್ಲ. ಆದರೆ ಆ ಲ್ಯಾಪ್‌ಟಾಪ್ ಸ್ವಲ್ಪ ಇತ್ತ ತಿರುಗಿಸಿ, ಕಂಡವರ ಕೋಡಿನೊಳಗೆ ಯಾರಿಗೂ ಹೇಳದೆ ಏನೇನು ತಿದ್ದಿದ್ದೀರಿ, ತೋರಿಸಿ. ಅಲ್ಲಿಯವರೆಗೆ ನನ್ನ ಪೈಪು ನಿಮ್ಮ ಟ್ಯಾಂಕಿನ ಹತ್ತಿರವೂ ಬರುವುದಿಲ್ಲ.