ಚಿತ್ರ ಚೆನ್ನಾಗಿ ಬರಲಿ ಅಂತ

ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಅಲ್ಲೇ ನರ್ಸ್ ಆಗಿರುವ ಅಕ್ಕನದು ಸೂಜಿ ಚುಚ್ಚುವ ಕೆಲಸ. ತಲೆನೋವೆಂದು ಬಂದವರಿಗೆ ಮೊದಲು ಬರೀ ಸ್ಕ್ಯಾನ್. ಅನುಮಾನದ್ದೇನಾದರೂ ಕಂಡರೆ ಮಾತ್ರ ಅರ್ಧದಲ್ಲಿ ಹೊರಗೆಳೆದು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುತ್ತೇವೆ. ಆ ಔಷಧಿ ರಕ್ತಕ್ಕೆ ಸೇರಿ, ಗಡ್ಡೆಯಿದ್ದರೆ ಅದನ್ನು ಪರದೆಯ ಮೇಲೆ ಬೆಳ್ಳಗೆ ಎತ್ತಿ ತೋರಿಸುತ್ತದೆ. ಸೂಜಿ ಯಾಕೆ ಎಂದು ಗಾಬರಿಯಾದವರಿಗೆಲ್ಲ ಅಕ್ಕ ಹೇಳುವುದು ಒಂದೇ ಮಾತು: "ಏನಿಲ್ಲ, ಚಿತ್ರ ಇನ್ನೂ ಚೆನ್ನಾಗಿ ಬರ್ಲಿ ಅಂತ, ಅಷ್ಟೇ."

"ಎಷ್ಟು ಸುಳ್ಳು ಹೇಳ್ತೀಯೇ" ಎಂದು ರೇಗಿಸಿದರೆ, "ಸುಳ್ಳೆಲ್ಲಿ ಬಂತೋ? ಚಿತ್ರ ಚೆನ್ನಾಗೇ ಬರತ್ತಲ್ಲ" ಎನ್ನುತ್ತಿದ್ದಳು.

ಇವತ್ತು ಒಳಗೆ ಮಲಗಿದ್ದು ಅವಳೇ. ಕೆಲವು ವಾರಗಳಿಂದ ತಲೆನೋವು, ಬೆಳಿಗ್ಗೆ ಎದ್ದರೆ ವಾಂತಿ. ಕನ್ನಡಕದ ನಂಬರು ಬದಲಾಗಿದೆ ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು, ಮಹಾತಾಯಿ. ನಾನೇ ಹಟ ಹಿಡಿದು ಮಲಗಿಸಿದೆ. ಹೊರಗೆ ಭಾವ ಅವಳು ಸ್ಕ್ಯಾನ್‌ಗೆಂದು ಬಿಚ್ಚಿಕೊಟ್ಟ ಓಲೆ, ಉಂಗುರಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಮೊದಲ ಚಿತ್ರಗಳಲ್ಲೇ ಕಾಣಬಾರದ್ದು ಕಂಡಿತು. ಮೆದುಳಿನಲ್ಲಿ ಇಂಥದ್ದು ಬಂದವರು ಉಳಿದಿದ್ದನ್ನು ನಾನು ಈವರೆಗೆ ಕಂಡಿಲ್ಲ. ಹಿಂದೆ ನಿಂತಿದ್ದ ಡಾಕ್ಟರು "ಕಾಂಟ್ರಾಸ್ಟ್ ಕೊಡಿ" ಎಂದರು, ಕಾಫಿ ಕೊಡಿ ಎನ್ನುವ ಧಾಟಿಯಲ್ಲಿ. ಕೆನ್ನೆಗೆ ಬಾರಿಸೋಣ ಎನ್ನಿಸಿತು. ಪಾಪ, ಅವರ ತಪ್ಪೇನಿತ್ತು.

ಚುಚ್ಚುವವಳೇ ಮಲಗಿದ್ದಳಲ್ಲ, ಸಿರಿಂಜ್ ನಾನೇ ತೆಗೆದುಕೊಂಡೆ. ಯಂತ್ರ ಸುಮ್ಮನಾಗಿ ಹಾಸಿಗೆ ಹೊರಗೆ ಬಂದೊಡನೆ ಅಕ್ಕ ಕಣ್ಣು ಬಿಟ್ಟು ನನ್ನ ಕೈ ನೋಡಿದಳು. ಅವಳ ಮಾತನ್ನೇ ಅವಳಿಗೆ ಹೇಳೋಣವೆಂದು ಬಾಯಿ ತೆರೆದೆ. ಮಾತಿಗಿಂತ ಮೊದಲು ಕಣ್ಣೀರು ಬಂತು.

ಅವಳು ತಾನೇ ತೋಳು ಚಾಚಿದಳು. "ಈ ನರಕ್ಕೆ ಚುಚ್ಚು. ಬೇಗ ಸಿಗತ್ತೆ."

ನಾನು ಸೂಜಿಯನ್ನು ನರದ ಹತ್ತಿರ ತಂದೆ. ಅಕ್ಕ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅಳ್ಬೇಡ್ವೋ," ಎಂದಳು. "ಏನಿಲ್ಲ, ಚಿತ್ರ ಇನ್ನೂ ಚೆನ್ನಾಗಿ ಬರ್ಲಿ ಅಂತ, ಅಷ್ಟೇ."

ನಿಂತಲ್ಲಿ ನಿಲ್ಲದ ನಮ್ಮಕ್ಕ ಆಮೇಲೆ ಒಳಗೆ ಒಂದಿಷ್ಟೂ ಅಲುಗಾಡಲಿಲ್ಲ. ಪರದೆಯ ಮೇಲೆ ಅದು ಅಂಚು ಸಮೇತ ಬೆಳ್ಳಗೆ ಮೂಡಿತು. ನನಗೆ ನೋಡಲೂ ಆಗಲಿಲ್ಲ, ಬಿಟ್ಟು ಏಳಲೂ ಆಗಲಿಲ್ಲ.

ಭಾವ ಬಾಗಿಲು ಸರಿಸಿ ಇಣುಕಿದರು. ಮುಷ್ಟಿ ಇನ್ನೂ ಬಿಗಿದೇ ಇತ್ತು. "ಯಾಕೋ ಇಷ್ಟು ಹೊತ್ತು?"

"ಏನಿಲ್ಲ ಭಾವ," ಎಂದೆ. "ಚಿತ್ರ ಚೆನ್ನಾಗಿ ಬಂದಿದೆ."