ಕೆಂಡಕ್ಕೆ ಅಂಜಿದ ಸೂಜಿ

ನಾನು ಕೌದಿ ಹೊಲಿಯುವ ಒಂದು ದಪ್ಪ ಸೂಜಿ. ಕುಲುಮೆಯಲ್ಲಿ ಹುಟ್ಟಿದರೂ ಬೆಂಕಿಯೆಂದರೆ ನನಗೆ ಮೊದಲಿನಿಂದಲೂ ಭಯ. ಕಮ್ಮಾರನ ಮನೆಯಿಂದ ನನ್ನನ್ನು ತಂದ ಫಕೀರವ್ವ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದಳು. ಆ ಮೆತ್ತನೆಯ ಬಟ್ಟೆಯೊಳಗೆ ಓಡಾಡುತ್ತ ನಾನು ಬೆಂಕಿಯನ್ನು ಮರೆತಿದ್ದೆ.

ಅವಳ ಮಗಳು ಕಸ್ತೂರಿ ಹುಟ್ಟಿದ ಮೇಲೆ ಅದು ಮತ್ತೆ ಎದುರಾಯಿತು. ಸಣ್ಣ ಸದ್ದಿಗೂ ಬೆಚ್ಚಿ ಅಳುವ ಕೂಸು. ಅಂಥ ಕೂಸಿನ ಹೊಟ್ಟೆಗೆ ಬರೆ ಕೊಡುವುದು ಆ ಓಣಿಯ ರೂಢಿ. ಕೆಂಡದಲ್ಲಿ ನನ್ನನ್ನು ಕಾಯಿಸಿ ಹೊಕ್ಕುಳ ಪಕ್ಕಕ್ಕೆ ಮುಟ್ಟಿಸಿದರು. ಆ ಅಳು ನನ್ನನ್ನು ಬಿಟ್ಟು ಹೋಗಲೇ ಇಲ್ಲ.

ಕಸ್ತೂರಿ ದೊಡ್ಡವಳಾಗಿ ಬಾಣಂತನಕ್ಕೆ ತವರಿಗೆ ಬಂದಳು. ಅವಳ ಕೂಸು ಭುವನಾ ಕೂಡ ಹಾಗೆಯೇ. ಹೊಸ ಮುಖ ಕಂಡರೆ ತಾಯಿಯ ಸೆರಗಿನಲ್ಲಿ ಹುದುಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಇಣುಕಿ ನೋಡುತ್ತಿತ್ತು. ಆ ಸ್ವಲ್ಪ ಹೊತ್ತನ್ನು ಯಾರೂ ಅದಕ್ಕೆ ಕೊಡುತ್ತಿರಲಿಲ್ಲ.

ಒಂದು ಬೆಳಗ್ಗೆ ಫಕೀರವ್ವ ನನ್ನನ್ನು ಕೌದಿಯಿಂದ ಕಿತ್ತು ಒಲೆಯ ಕೆಂಡಕ್ಕೆ ಚುಚ್ಚಿದಳು. ಮೊನೆ ಕೆಂಪೇರಿದ ಮೇಲೆ ಬಟ್ಟೆಯಲ್ಲಿ ಹಿಡಿದು ಹೊರಗೆಳೆದಳು. ಮತ್ತೆ ಅಂಥ ಎಳೆಯ ಹೊಟ್ಟೆಯನ್ನು ಸುಡಬೇಕೇ ಎಂದು ನಡುಗಿದೆ. ಕೂಗಲು ಸೂಜಿಗೆ ಬಾಯಿಲ್ಲ.

"ಕೂಸಿನ ಅಂಗಿ ಮ್ಯಾಲೆತ್ತು," ಎಂದಳು ಫಕೀರವ್ವ. "ಒಂದ ಸಲ ಚುರ್ ಅಂದ್ರ ಅಂಜಿಕಿ ಬಿಟ್ಟ ಹೋಗತೈತಿ."

ಕಸ್ತೂರಿ ಕೂಸನ್ನು ಅವುಚಿಕೊಂಡು ಗೋಡೆಗೆ ಸರಿದಳು. "ನನಗೂ ಬರಿ ಕೊಟ್ಟಿದ್ಯಲ್ಲ ಅವ್ವಾ. ನನ್ನ ಅಂಜಿಕಿ ಹೋತೇನು?"

"ಆವಾಗ ಸೂಜಿ ಸರಿಯಾಗಿ ಕಾದಿದ್ದಿಲ್ಲ."

ಅಷ್ಟರಲ್ಲಿ ಬೆಕ್ಕು ಪಾತ್ರೆಯ ಮುಚ್ಚಳ ಕೆಡವಿತು. ಕೂಸು ಬೆಚ್ಚಿತು. ಕಸ್ತೂರಿ ಬೆಚ್ಚಿದಳು. ಫಕೀರವ್ವ ಎಷ್ಟು ಬೆಚ್ಚಿದಳೆಂದರೆ, ನಾನು ಅವಳ ಕೈಯಿಂದ ಹಾರಿ ಪಕ್ಕದ ನೀರಿನ ಬಕೆಟ್ಟಿಗೆ ಬಿದ್ದೆ.

"ಈಗ ನಿನಗೂ ಸೂಜಿ ಕಾಸ್ಲೇನು?" ಎಂದಳು ಕಸ್ತೂರಿ.

ಫಕೀರವ್ವ ಕೂಸಿನ ಕಡೆ ನೋಡಿದಳು. "ನಮ್ಮವ್ವನೂ ಹಿಂಗ ಇದ್ಲು," ಎಂದು ಕೆಂಡಕ್ಕೆ ನೀರು ಚಿಮುಕಿಸಿದಳು.

ಕಸ್ತೂರಿ ನನ್ನನ್ನು ದಾರದ ಡಬ್ಬಿಯಲ್ಲಿಟ್ಟುಕೊಂಡು ಗಂಡನ ಮನೆಗೆ ಒಯ್ದಳು. ಈಗ ನನ್ನ ಮೊನೆ ಮೊಂಡು, ಮೈಯೆಲ್ಲ ತುಕ್ಕು. ಭುವನಾ ಶಾಲೆಗೆ ಹೋಗುತ್ತಾಳೆ. ಹೊಸಬರು ಬಂದರೆ ಈಗಲೂ ಬಾಗಿಲ ಹಿಂದೆ ನಿಲ್ಲುತ್ತಾಳೆ. ಯಾರೂ ಕೈಹಿಡಿದು ಎಳೆಯುವುದಿಲ್ಲ. ತುಸು ಹೊತ್ತಿಗೆ ತಾನೇ ಹೊರಬಂದು ಬಂದವರಿಗೆ ನೀರು ಕೊಡುತ್ತಾಳೆ.

ಒಲೆ ಹೊತ್ತಿದ ಸದ್ದಾದರೆ ನಾನು ಡಬ್ಬಿಯೊಳಗೆ ಇನ್ನೂ ಬೆಚ್ಚುತ್ತೇನೆ. ಫಕೀರವ್ವ ಉಳಿಯಲು ಬಂದ ದಿನ ಕಸ್ತೂರಿಯೂ ಹಾದುಹೋದಾಗಲೆಲ್ಲ ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ಮುಟ್ಟಿ ನೋಡುತ್ತಾಳೆ.